ಡಾಯ್ಲ್ ಕೇಸು: ಎರಡನೇ ಭಾಗಕ್ಕೆ ಆಗಿದ್ದೇನು?

ಹೋದ ತಿಂಗಳು ದೊಡ್ಡಪ್ಪ ಮಂಡಿನೋವಿಗೆ ಡಾಕ್ಟ್ರಿಗೆ ತೋರಿಸೋಕೆ ಅಂತ ಊರಿಂದ ಬಂದು ನಮ್ಮನೇಲಿ ನಾಲ್ಕು ದಿನ ಇದ್ರು. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು, ಸರ್ವಿಸಿನಲ್ಲಿ ಅರ್ಧಕ್ಕರ್ಧ ಮಫ್ತಿಯಲ್ಲೇ ಕಳೆದವರು, ಟೀವೀಲಿ ಯಾವ ಪೊಲೀಸ್ ಸಿನಿಮಾ ಬಂದ್ರೂ ಐದು ನಿಮಿಷ ನೋಡಿ "ಥೂ, ಸುಳ್ಳು" ಅಂತ ಎದ್ದು ಹೋಗೋ ಪೈಕಿ. ಅವರನ್ನ ಕೂರಿಸ್ಕೊಂಡು ಎರಡು ರಾತ್ರಿ ಎರಡು ಸಿನಿಮಾ ನೋಡಿದೆ. ಮೊದಲ್ನೇ ರಾತ್ರಿ 1971ರ ದ ಫ್ರೆಂಚ್ ಕನೆಕ್ಷನ್, ಎರಡನೇ ರಾತ್ರಿ 1975ರ ಫ್ರೆಂಚ್ ಕನೆಕ್ಷನ್ 2. ಮೊದಲ್ನೇದನ್ನ ಜಗತ್ತೆಲ್ಲ ಹೊಗಳುತ್ತೆ, ಎರಡನೇದರ ಬಗ್ಗೆ ಕೇಳಿದ್ರೆ "ಹೌದಾ, ಅದೂ ಇದ್ಯಾ?" ಅಂತಾರೆ. ಹಂಗ್ಯಾಕಾಯ್ತು ಅನ್ನೋದೇ ಈ ಪ್ರಕರಣ. ಅದೇ ಹೀರೋ (ಡಾಯ್ಲ್ ಅನ್ನೋ ನ್ಯೂಯಾರ್ಕ್ ಪೊಲೀಸು), ಅದೇ ವಿಲನ್, ಅದೇ ಮ್ಯೂಸಿಕ್ ಡೈರೆಕ್ಟರ್ ಡಾನ್ ಎಲ್ಲಿಸ್, ಡೈರೆಕ್ಟರ್ ಬೇರೆಯವನಾದ್ರೂ ಸಣ್ಣ ಆಸಾಮಿ ಏನಲ್ಲ, ಆದ್ರೂ ಎರಡನೇದು ಯಾಕೆ ಮಲತಾಯಿ ಮಗುವಾಯ್ತು? ಕಥೆಯೆಲ್ಲ ಬಿಚ್ಚಿ ಬರೀತಿದೀನಿ, ನೋಡಿಲ್ದೇ ಇರೋರು ನೋಡಿ ಆಮೇಲೆ ಓದಿ.

ಮೊದಲು ನಿಜವಾದ ಕೇಸು. ನ್ಯೂಯಾರ್ಕ್ ಪೊಲೀಸ್ ಇಲಾಖೆಯ ನಾರ್ಕೋಟಿಕ್ಸ್ ವಿಭಾಗದಲ್ಲಿ ಎಡ್ಡಿ ಈಗನ್, ಸನ್ನಿ ಗ್ರಾಸೋ ಅಂತ ಇಬ್ಬರು ಡಿಟೆಕ್ಟಿವ್‌ಗಳು. 1961ರಲ್ಲಿ ಒಂದು ರಾತ್ರಿ ಡ್ಯೂಟಿ ಮುಗಿಸಿ ಕೋಪಕಬಾನಾ ನೈಟ್‌ಕ್ಲಬ್ಬಿಗೆ ಹೋಗಿದ್ದಾಗ ಅಲ್ಲೊಬ್ಬ ದುಡ್ಡು ಚೆಲ್ತಿರೋದು ಕಣ್ಣಿಗೆ ಬಿತ್ತು, ಸುಮ್ನೆ ಅವನ ಹಿಂದೆ ಬಿದ್ರು. ಅವನು ಪ್ಯಾಟ್ಸಿ ಫೂಕಾ, ಬ್ರೂಕ್ಲಿನ್‌ನಲ್ಲಿ ಒಂದು ಸಣ್ಣ ಅಂಗಡಿ ಇಟ್ಕೊಂಡಿದ್ದವನು. ಆ ದಾರ ಹಿಡಿದು ಎಳೀತಾ ಹೋದ್ರೆ ಇನ್ನೊಂದು ತುದಿ ಫ್ರಾನ್ಸಿನ ಬಂದರು ಪಟ್ಟಣ ಮಾರ್ಸೇಯಲ್ಲಿ ಸಿಕ್ತು. ಟರ್ಕಿಯ ಅಫೀಮು ಮಾರ್ಸೇಗೆ ಬರೋದು, ಅಲ್ಲಿ ಕಾರ್ಸಿಕಾ ಮೂಲದ ಗ್ಯಾಂಗುಗಳ ಕಳ್ಳ ಲ್ಯಾಬ್‌ಗಳಲ್ಲಿ ಹೆರಾಯಿನ್ ಆಗೋದು, ಹಡಗಿನಲ್ಲಿ ಅಮೆರಿಕಕ್ಕೆ ಹೋಗೋದು. ಈ ಕೇಸಿನಲ್ಲಿ ಮಾಲು ಬಂದಿದ್ದು ಒಂದು ಬ್ಯೂಕ್ ಕಾರಿನ ಹೊಟ್ಟೇಲಿ, ಆ ಕಾರು ತಂದವನು ಜಾಕ್ ಆಂಜೆಲ್ವಾಂ ಅನ್ನೋ ಫ್ರೆಂಚ್ ಟೀವಿ ನಿರೂಪಕ. ಒಟ್ಟು 112 ಪೌಂಡ್, ನಮ್ಮ ಲೆಕ್ಕದಲ್ಲಿ ಐವತ್ತು ಕೆಜಿ. ಹಿಂದಿದ್ದ ದೊಡ್ಡ ಕುಳ, ಝಾನ್ ಝೆಹಾನ್ ಅನ್ನೋ ಫ್ರೆಂಚ್ ಮುದುಕ, ಕೈಗೆ ಸಿಗದೆ ವಾಪಸ್ ಫ್ರಾನ್ಸಿಗೆ ಜಾರಿಕೊಂಡ, ಅಮೆರಿಕದ ಕೋರ್ಟ್ ಮೆಟ್ಟಿಲು ಹತ್ತಲೇ ಇಲ್ಲ.

ಇದನ್ನ ರಾಬಿನ್ ಮೂರ್ 1969ರಲ್ಲಿ ಪುಸ್ತಕ ಮಾಡಿದ, ಅದರಿಂದ ಸಿನಿಮಾ ಆಯ್ತು.

ನಾನು ದೊಡ್ಡಪ್ಪನಿಗೆ ಸಿನಿಮಾಗಿಂತ ಮುಂಚೆ ಹೇಳಿದ್ದು ಇನ್ನೊಂದು ಕಥೆ. ಹಿಡಿದ ಆ ಮಾಲು ಏನಾಯ್ತು ಗೊತ್ತಾ ಅಂತ. ನ್ಯೂಯಾರ್ಕ್ ಪೊಲೀಸರು ಜಪ್ತಿ ಮಾಲು ಇಡೋ ಕಚೇರಿಯಿಂದಲೇ ಅದು ಕಳುವಾಯ್ತು. ರಿಜಿಸ್ಟರಿನಲ್ಲಿ ಪೊಲೀಸ್ ಅಂತ ಸಹಿ ಹಾಕಿ ಹೊರಗೆ ತಗೊಂಡು ಹೋಗೋದು, ಪುಡಿ ಬದಲಾಯಿಸಿ ವಾಪಸ್ ತಂದಿಡೋದು. 1972ರ ಡಿಸೆಂಬರಿನಲ್ಲಿ ಬಯಲಾಯ್ತು, ಅದೂ ಹೆಂಗೆ ಅಂದ್ರೆ ಹೆರಾಯಿನ್ ಪೊಟ್ಟಣಕ್ಕೆ ಹುಳ ಹತ್ತಿದ್ದು ಕಂಡು. ಹೆರಾಯಿನ್‌ಗೆ ಹುಳ ಹತ್ತುತ್ತಾ, ಒಳಗಿದ್ದಿದ್ದು ಹಿಟ್ಟು! ಎಣಿಸಿ ನೋಡಿದ್ರೆ ಈ ಕೇಸಿನದ್ದು, ಬೇರೆ ಕೇಸಿನದ್ದು ಎಲ್ಲ ಸೇರಿ ನಾನೂರು ಪೌಂಡಿನ ಹತ್ರ ಮಾಯ. ಈ ಕೇಸಿನ ಸಿನಿಮಾ ಆಸ್ಕರ್ ಗೆದ್ದ ಅದೇ ವರ್ಷ. ದೊಡ್ಡಪ್ಪ ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ "ಮುದ್ದೆಮಾಲು ರೂಮಿನ ಬೀಗದ ಕೈ ಯಾರ ಹತ್ರ ಇರತ್ತೋ ಅವನಿಗೆ ನಿದ್ದೆ ಬರಲ್ಲ ಕಣೋ" ಅಂದ್ರು. ಕುರ್ಚಿ ಟೀವಿ ಕಡೆಗೆ ತಿರುಗಿಸ್ಕೊಂಡ್ರು. ಅಲ್ಲಿಗೆ ನಾನು ಗೆದ್ದೆ.

ಸಿನಿಮಾ ಮಾಡಿದ ವಿಲಿಯಂ ಫ್ರೀಡ್ಕಿನ್ ಶಿಕಾಗೋದಲ್ಲಿ ಟೀವಿ ಡಾಕ್ಯುಮೆಂಟರಿ ಮಾಡ್ತಾ ಬೆಳೆದವನು, ಆ ಚಾಳಿನೇ ಇಲ್ಲಿ ಬಂಡವಾಳ. ಕ್ಯಾಮೆರಾಮನ್ ಓವನ್ ರಾಯ್ಜ್‌ಮನ್, ಅವನ ಕೈಕೆಳಗೆ ಕ್ಯಾಮೆರಾ ಹೆಗಲ ಮೇಲೆ ಹೊತ್ತವನು ಎನ್ರಿಕೆ ಬ್ರಾವೋ ಅಂತ ಕ್ಯೂಬಾದವನು, ಕ್ಯಾಸ್ಟ್ರೋ ಕ್ರಾಂತಿಯನ್ನ ಜೊತೇಲಿ ನಿಂತು ಶೂಟ್ ಮಾಡಿದ್ದ ಮನುಷ್ಯ. ಫ್ರೀಡ್ಕಿನ್ ನಟರಿಗೆ ಬೇರೆ ಹೇಳೋನು, ಕ್ಯಾಮೆರಾದವರಿಗೆ ಬೇರೆ ಹೇಳೋನು, ಯಾರು ಎಲ್ಲಿಗೆ ನಡೀತಾರೆ ಅಂತ ಬ್ರಾವೋಗೆ ಮುಂಚೇನೇ ಗೊತ್ತಿರ್ತಿರಲಿಲ್ಲ, ಹುಡುಕ್ಕೊಂಡು ಹೋಗಿ ಹಿಡೀಬೇಕು. ಅದಕ್ಕೇ ಇಡೀ ಸಿನಿಮಾ ಯಾರೋ ಕದ್ದು ನೋಡ್ತಿರೋ ಹಂಗಿದೆ. ಚಳಿಗಾಲದ ನ್ಯೂಯಾರ್ಕು, ಕಸ, ಹಬೆ, ಕೊಳೆ ಹಿಮ, ಬಾಯಿಂದ ಬರೋ ಹೊಗೆ, ಸೆಟ್ ಅನ್ನೋ ವಾಸನೆನೇ ಇಲ್ಲ. ಅಸಲಿ ಈಗನ್ ಮತ್ತೆ ಗ್ರಾಸೋ ಇಬ್ಬರೂ ಸಲಹೆಗಾರರಾಗಿ ಜೊತೇಲೇ ಇದ್ರು, ಸಣ್ಣ ಪಾತ್ರ ಕೂಡ ಮಾಡಿದ್ರು. ಈಗನ್ ಅಂತೂ ತನ್ನನ್ನೇ ಆಡುತ್ತಿರೋ ನಟನಿಗೆ ಮೇಲಧಿಕಾರಿಯಾಗಿ ಬೈತಾನೆ.

ಆ ನಟ ಜೀನ್ ಹ್ಯಾಕ್‌ಮನ್. ಪಾತ್ರದ ಹೆಸರು ಜಿಮ್ಮಿ 'ಪಾಪೈ' ಡಾಯ್ಲ್. ಮೊದಲ ಆಯ್ಕೆ ಇವನಲ್ಲ, ಜಿಮ್ಮಿ ಬ್ರೆಸ್ಲಿನ್ ಅನ್ನೋ ಪತ್ರಿಕೆ ಅಂಕಣಕಾರನನ್ನ ಹಾಕ್ಕೊಂಡು ಕೂಡ ನೋಡಿದ್ರು, ಸರಿಹೋಗ್ಲಿಲ್ಲ. ಹ್ಯಾಕ್‌ಮನ್‌ಗೂ ಈ ಪಾತ್ರ ಅಂದ್ರೆ ಮುಜುಗರ. ಡಾಯ್ಲ್ ಒಳ್ಳೆಯವನಲ್ಲ, ಜನಾಂಗದ್ವೇಷಿ, ಬಾಯಿ ಕೊಳಕು, ಕೈ ಮುಂದು, ಕರಿಯರ ಬಾರಿಗೆ ನುಗ್ಗಿ ಎಲ್ಲರನ್ನೂ ಗೋಡೆಗೆ ನಿಲ್ಲಿಸ್ತಾನೆ. ಸಿನಿಮಾ ಅವನನ್ನ ಹೊಗಳಲ್ಲ, ಕ್ಷಮಿಸಲ್ಲ, ತೋರಿಸುತ್ತೆ ಅಷ್ಟೇ. (2023ರಲ್ಲಿ ಒಂದು ಸ್ಟ್ರೀಮಿಂಗ್ ಪ್ರಿಂಟ್‌ನಲ್ಲಿ ಅವನ ಒಂದು ಜನಾಂಗೀಯ ಬೈಗುಳ ಇರೋ ತುಣುಕು ಕತ್ತರಿಸಿದ್ದು ಕಂಡು ದೊಡ್ಡ ಗಲಾಟೆ ಆಯ್ತು. ನನ್ನ ಕೇಳಿದ್ರೆ ಅದನ್ನ ಕತ್ತರಿಸಿದ್ರೆ ಡಾಯ್ಲ್‌ನ ಮುಖ ತೊಳೆದು ಪೌಡರ್ ಹಚ್ಚಿದ ಹಾಗೆ, ಬೇಡವಾಗಿತ್ತು.) ಜೊತೆಗಾರ ಬಡ್ಡಿ ರೂಸೋ ಪಾತ್ರದಲ್ಲಿ ರಾಯ್ ಶೈಡರ್. ಫ್ರೆಂಚ್ ಕುಳ ಶಾರ್ನಿಯೇ ಪಾತ್ರದಲ್ಲಿ ಫರ್ನಾಂಡೋ ರೇ, ಅವನು ಬಂದಿದ್ದೇ ತಪ್ಪಿ. ಫ್ರೀಡ್ಕಿನ್‌ಗೆ ಬೇಕಿದ್ದಿದ್ದು ಫ್ರಾನ್ಸಿಸ್ಕೋ ರಬಾಲ್ ಅನ್ನೋ ಇನ್ನೊಬ್ಬ ಸ್ಪ್ಯಾನಿಷ್ ನಟ, ಹೆಸರು ಅದಲು ಬದಲಾಗಿ ವಿಮಾನ ಇಳಿದು ಬಂದಿದ್ದು ಈ ಗಡ್ಡದ ಸೊಗಸುಗಾರ. ಎಷ್ಟು ಒಳ್ಳೆ ತಪ್ಪು ಅಂದ್ರೆ ಈಗ ಬೇರೆ ಯಾರನ್ನೂ ಅಲ್ಲಿ ಊಹಿಸ್ಕೊಳ್ಳೋಕಾಗಲ್ಲ.

ಎಲ್ಲರೂ ಈ ಸಿನಿಮಾ ಅಂದ್ರೆ ಚೇಸ್ ಅಂತಾರೆ. ಇರಲಿ, ಅದು ಚೆನ್ನಾಗಿದೆ, ಮೇಲೆ ಕಂಬದ ಮೇಲಿನ ರೈಲು, ಕೆಳಗೆ ಬ್ರೂಕ್ಲಿನ್‌ನ ರಸ್ತೇಲಿ ಡಾಯ್ಲ್ ಕಿತ್ಕೊಂಡು ಓಡಿಸೋ ಪಾಂಟಿಯಾಕ್, ಹಿನ್ನೆಲೆ ಸಂಗೀತನೇ ಇಲ್ಲ, ಬರೀ ಟೈರು, ಹಾರ್ನು, ಬ್ರೇಕು. ಒಂದಿಷ್ಟು ಭಾಗ ಪರ್ಮಿಷನ್ನೇ ಇಲ್ದೆ ತೆಗೆದಿದ್ದು, ಸ್ಟಂಟ್ ಡ್ರೈವರ್ ಬಿಲ್ ಹಿಕ್‌ಮನ್ ಗಾಡಿ ಓಡಿಸ್ತಾ ಇದ್ರೆ ಫ್ರೀಡ್ಕಿನ್ನೇ ಹಿಂದಿನ ಸೀಟಲ್ಲಿ ಕ್ಯಾಮೆರಾ ಹಿಡ್ಕೊಂಡು ಕೂತಿದ್ದ. ಸಿನಿಮಾದಲ್ಲಿ ಇರೋ ಒಂದು ಡಿಕ್ಕಿ ಪ್ಲಾನ್ ಮಾಡಿದ್ದೇ ಅಲ್ಲ, ತನ್ನ ಪಾಡಿಗೆ ತಾನು ಹೋಗ್ತಿದ್ದ ಯಾವನದೋ ಕಾರು. ಇವತ್ತು ಹಿಂಗೆ ಮಾಡಿದ್ರೆ ಜೈಲು, ಆವತ್ತೂ ಆಗಬೇಕಿತ್ತು.

ಆದ್ರೆ ದೊಡ್ಡಪ್ಪ ಚೇಸ್ ಬಂದಾಗ ನೀರು ಕುಡಿಯೋಕೆ ಎದ್ದು ಹೋದ್ರು. ಅವರು ಮುಂದಕ್ಕೆ ಬಾಗಿ ನೋಡಿದ್ದು ಬೇರೆ ಸೀನು. ಶಾರ್ನಿಯೇ ಮತ್ತೆ ಅವನ ಕೊಲೆಗಾರ ನಿಕೋಲಿ ಬೆಚ್ಚಗಿನ ಫ್ರೆಂಚ್ ರೆಸ್ಟೋರೆಂಟಲ್ಲಿ ಕೂತು ನಿಧಾನಕ್ಕೆ ಊಟ ಮಾಡ್ತಿರ್ತಾರೆ, ಬಿಳಿ ಮೇಜುಬಟ್ಟೆ, ವೈನು, ಒಂದಾದ ಮೇಲೆ ಒಂದು ತಟ್ಟೆ. ಗಾಜಿನಾಚೆ, ರಸ್ತೆಯ ಆ ಕಡೆ, ಡಾಯ್ಲ್ ಒಂದು ಬಾಗಿಲ ಸಂದೀಲಿ ನಿಂತು ಕಾಲು ಕುಟ್ಟಿ ಕುಟ್ಟಿ ಚಳಿ ಬಿಡಿಸ್ಕೋತಾ ಪಿಜ್ಜಾ ತುಂಡು ತಿಂತಿರ್ತಾನೆ. ಪೇಪರ್ ಲೋಟದ ಕಾಫಿ ಒಂದು ಗುಟುಕು ಕುಡೀತಾನೆ, ಮುಖ ಹಿಂಡಿ ನೆಲಕ್ಕೆ ಸುರೀತಾನೆ. ಮಾತಿಲ್ಲ. ಕ್ಯಾಮೆರಾ ಒಳಗಿನ ಮೇಜಿಂದ ನಿಧಾನಕ್ಕೆ ಹೊರಗೆ ಅವನ ಕಡೆ ಹೋಗುತ್ತೆ. ಅಷ್ಟೇ ಸೀನು.

"ಇದು ನೋಡು," ಅಂದ್ರು ದೊಡ್ಡಪ್ಪ, "ಇದು ಕೆಲಸ. ವಾಚ್ ಹಾಕಿ ನಿಲ್ಲೋದು. ಒಳಗಿರೋನು ಊಟ ಮುಗಿಸಿ ಕೈ ತೊಳ್ಕೊಂಡು ಬೀಡಾ ಹಾಕ್ಕೊಂಡು ಬರ್ತಾನೆ, ನಮಗೆ ಉಚ್ಚೆಗೆ ಹೋಗೋಕೂ ಆಗಲ್ಲ. ನನ್ನ ಮಂಡಿ ಹೋಗಿದ್ದೇ ಹಿಂಗೆ." ಮಂಡಿ ನೀವ್ಕೊಂಡ್ರು. ಆ ಮೇಲೆ ಸಬ್‌ವೇ ಸೀನು, ಶಾರ್ನಿಯೇ ರೈಲು ಹತ್ತೋದು ಇಳಿಯೋದು, ಡಾಯ್ಲ್ ಹತ್ತೋದು ಇಳಿಯೋದು, ಕೊನೆಗೆ ಬಾಗಿಲು ಮುಚ್ಚುವಾಗ ಛತ್ರಿ ತುದಿ ಅಡ್ಡ ಹಿಡಿದು ಬಾಗಿಲು ತೆಗೆಸಿ ಶಾರ್ನಿಯೇ ಒಳಗೆ ಹೋಗಿಬಿಡ್ತಾನೆ, ಇವನು ಪ್ಲಾಟ್‌ಫಾರ್ಮಲ್ಲಿ. ರೈಲಿನ ಕಿಟಕೀಲಿ ಬೆರಳಾಡಿಸಿ ಟಾಟಾ ಮಾಡ್ತಾನೆ. ದೊಡ್ಡಪ್ಪ ಅದನ್ನ ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿದ್ರು. ನಗ್ತಿದ್ರು ಆದ್ರೆ ಆ ನಗು ಪೂರ್ತಿ ಖುಷಿದಲ್ಲ, ಯಾವನೋ ಹಿಂಗೆ ಅವರಿಗೂ ಟಾಟಾ ಮಾಡಿರಬೇಕು.

ಒಂದು ಕಡೆ ಮಾತ್ರ ಒಪ್ಪಲಿಲ್ಲ. ಮಾಲು ಇರೋ ಲಿಂಕನ್ ಕಾರನ್ನ ಪೊಲೀಸ್ ಗ್ಯಾರೇಜಲ್ಲಿ ಸೀಟು, ಡ್ಯಾಶ್‌ಬೋರ್ಡು, ತಳ ಎಲ್ಲ ಕಿತ್ತು ಹಾಕ್ತಾರೆ, ಏನೂ ಸಿಗಲ್ಲ. ಆಗ ರೂಸೋ ತೂಕದ ಲೆಕ್ಕ ತೆಗೀತಾನೆ, ಮಾರ್ಸೇಯಿಂದ ಬಂದ ಕಾಗದದಲ್ಲಿರೋ ತೂಕಕ್ಕೂ ಗಾಡಿಯ ಅಸಲಿ ತೂಕಕ್ಕೂ 120 ಪೌಂಡ್ ವ್ಯತ್ಯಾಸ. ಎಲ್ಲಾ ಬಿಚ್ಚಿದೀನಿ, ಬಾಗಿಲ ಕೆಳಗಿನ ಪಟ್ಟಿ ಒಂದು ಬಿಟ್ಟು ಅಂತಾನೆ ಮೆಕ್ಯಾನಿಕ್. ಅಲ್ಲೇ ಇರುತ್ತೆ ಪೊಟ್ಟಣ ಪೊಟ್ಟಣವಾಗಿ. ಚೆನ್ನಾಗಿದೆ. ಆದ್ರೆ ಆಮೇಲೆ ಆ ಕಾರು ಹೊಸದಾಗಿ ಫಳಫಳ ಅಂತ ವಾಪಸ್ ಮಾಲೀಕನಿಗೆ ಸಿಗುತ್ತಲ್ಲ, "ಅಷ್ಟು ಬಿಚ್ಚಿದ ಗಾಡಿನ ರಾತ್ರೋರಾತ್ರಿ ಜೋಡಿಸೋ ಮೆಕ್ಯಾನಿಕ್ ಇದ್ರೆ ನನ್ನ ಸ್ಕೂಟರ್ ಕೊಡ್ತೀನಿ" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಈಗ ಮೊದಲ್ನೇದರ ಕೊನೆ. ಇದು ಈ ಪ್ರಕರಣದ ಮುಖ್ಯ ಸಾಕ್ಷಿ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಸೇತುವೆ ಹತ್ರ ಶಾರ್ನಿಯೇ ಕಾರಿಗೆ ಅಡ್ಡ ಹಾಕಿ ಪೊಲೀಸರು ನಿಂತಿರ್ತಾರೆ, ಡಾಯ್ಲ್ ಈಗ ಬೆರಳಾಡಿಸಿ ಟಾಟಾ ವಾಪಸ್ ಕೊಡ್ತಾನೆ. ನಮಗೆ ಚಪ್ಪಾಳೆ ಹೊಡೀಬೇಕು ಅನ್ಸುತ್ತೆ. ಆದ್ರೆ ಶಾರ್ನಿಯೇ ಪಾಳುಬಿದ್ದ ಕಟ್ಟಡದೊಳಗೆ ಓಡ್ತಾನೆ, ಡಾಯ್ಲ್ ನೆರಳಿಗೆ ಗುಂಡು ಹೊಡೀತಾನೆ, ಸತ್ತವನು ಶಾರ್ನಿಯೇ ಅಲ್ಲ, ಜೊತೇಲಿ ಕೆಲಸ ಮಾಡ್ತಿದ್ದ ಫೆಡರಲ್ ಏಜೆಂಟು. ರೂಸೋ ದಂಗಾಗಿ ನಿಂತ್ರೆ ಡಾಯ್ಲ್ ಗನ್ನಿಗೆ ಗುಂಡು ತುಂಬ್ತಾ ಅವನು ಇಲ್ಲೇ ಇದಾನೆ ಅಂತ ಕತ್ತಲಿಗೆ ಓಡ್ತಾನೆ. ಖಾಲಿ ಬಾಗಿಲು. ಒಂದು ಗುಂಡಿನ ಸದ್ದು. ಮುಗೀತು. ಆಮೇಲೆ ಪರದೆ ಮೇಲೆ ಬರಹ: ಒಬ್ಬನ ಕೇಸು ವಜಾ, ಒಬ್ಬಳ ಶಿಕ್ಷೆ ಅಮಾನತು, ಶಾರ್ನಿಯೇ ಸಿಗಲೇ ಇಲ್ಲ, ಡಾಯ್ಲ್ ರೂಸೋ ಇಬ್ಬರಿಗೂ ನಾರ್ಕೋಟಿಕ್ಸ್‌ನಿಂದ ಎತ್ತಂಗಡಿ. ಆ ಗುಂಡು ಯಾರು ಯಾರಿಗೆ ಹೊಡೆದಿದ್ದು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಅಸಲಿ ಕೇಸಲ್ಲಿ ಮುದುಕ ತಪ್ಪಿಸ್ಕೊಂಡಿದ್ನಲ್ಲ, ಸಿನಿಮಾ ಅದನ್ನ ಸುಳ್ಳು ಮಾಡ್ಲಿಲ್ಲ. ಎತ್ತಂಗಡಿ ಅನ್ನೋ ಸಾಲು ಓದಿ ಹೇಳಿದಾಗ ದೊಡ್ಡಪ್ಪ "ಹ್ಞೂಂ, ಆಗ್ತದೆ" ಅಂದ್ರು, ಅವರಿಗೆ ಇಡೀ ಸಿನಿಮಾದಲ್ಲಿ ಅತೀ ನಿಜ ಅನ್ಸಿದ್ದು ಅದೇ ಇರಬೇಕು.

ಐದು ಆಸ್ಕರ್ ಬಂತು, ಒಳ್ಳೆ ಚಿತ್ರ, ನಿರ್ದೇಶಕ, ನಟ, ಚಿತ್ರಕಥೆ, ಎಡಿಟಿಂಗ್. ಎರಡು ಮಿಲಿಯನ್ ಡಾಲರ್ ಆಸುಪಾಸಿನಲ್ಲಿ ಮುಗಿದ ಸಿನಿಮಾ ಅದರ ಎಷ್ಟೋ ಪಟ್ಟು ದುಡಿದು ಕೊಟ್ಟಿತು. ಸ್ಟುಡಿಯೋದವರು ಸುಮ್ನೆ ಬಿಡ್ತಾರಾ? ಆ ಕಾಲಕ್ಕೆ ಹೆಸರಿನ ಮುಂದೆ ನಂಬರ್ ಅಂಟಿಸಿ ಬಿಡೋದು ಈಗಿನಷ್ಟು ಸಾಮಾನ್ಯ ಅಲ್ಲ, ಆದ್ರೆ 1974ರ ಕೊನೇಲಿ ಗಾಡ್‌ಫಾದರ್ ಎರಡನೇ ಭಾಗ ಬಂದು ಅದೂ ಒಳ್ಳೆ ಚಿತ್ರ ಪ್ರಶಸ್ತಿ ಹೊಡ್ಕೊಂಡು ಹೋಗಿತ್ತು, ಅದರ ಪಕ್ಕ ಇಟ್ಟು ನೋಡೋ ಪರಿಸ್ಥಿತೀಲಿ 1975ರಲ್ಲಿ ಇದು ಬಂತು.

ಫ್ರೀಡ್ಕಿನ್ ಇದನ್ನ ಮಾಡ್ಲಿಲ್ಲ. (ಅವನ ಇನ್ನೊಂದು ದೊಡ್ಡ ಹಿಟ್ ಎಕ್ಸಾರ್ಸಿಸ್ಟ್‌ಗೂ ಎರಡನೇ ಭಾಗ ಬೇರೆಯವರೇ ಮಾಡಿದ್ರು, ಅದು ಇದಕ್ಕಿಂತ ಎಷ್ಟೋ ಕೆಟ್ಟದಾಗಿ ನೆಲಕಚ್ಚಿತು.) ರಾಯ್ ಶೈಡರ್ ಕೂಡ ಇಲ್ಲ, ಅವನು ಅದೇ 1975ರಲ್ಲಿ ಜಾಸ್‌ನಲ್ಲಿ ಶಾರ್ಕ್ ಹಿಂದೆ ಬಿದ್ದಿದ್ದ. ನಿರ್ದೇಶಕನಾಗಿ ಬಂದವನು ಜಾನ್ ಫ್ರಾಂಕನ್‌ಹೈಮರ್, ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಇದ್ದವನು, ಫ್ರೆಂಚ್ ಬಲ್ಲವನು. ಕ್ಯಾಮೆರಾ ಕ್ಲೋದ್ ರೆನ್ವಾರ್. ನಮಗೆ ಇವನು ತೀರಾ ಅಪರಿಚಿತ ಅಲ್ಲ, 1951ರ ದ ರಿವರ್ ಬಂಗಾಳಕ್ಕೆ ಬಂದು ಶೂಟ್ ಮಾಡಿದವನು ಇವನೇ, ಆಗ ದಿನಾ ಬಂದು ನಿಂತು ನೋಡಿ ಕಲಿತ ಹುಡುಗ ಸುಬ್ರತ ಮಿತ್ರ ಆಮೇಲೆ ಸತ್ಯಜಿತ್ ರೇ ಕ್ಯಾಮೆರಾಮನ್ ಆದ. ಅಂದ್ರೆ ಟೀಮಿನಲ್ಲಿ ಯಾರೂ ಕಮ್ಮಿ ಇಲ್ಲ. ಕಮ್ಮಿ ಇದ್ದಿದ್ದು ಕೇಸು. ಮೊದಲ್ನೇದರ ಕೆಳಗೆ ಅಸಲಿ ಕೇಸಿನ ನೆಲ ಇತ್ತು, ಎರಡನೇದು ಪೂರ್ತಿ ಕಟ್ಟಿದ ಕಥೆ. ಅದಕ್ಕಿಂತ ಹೆಚ್ಚಾಗಿ, 1975ಕ್ಕೆ ಆ ದಂಧೆನೇ ಮುರಿದು ಬಿದ್ದಿತ್ತು: ಅಮೆರಿಕದ ಒತ್ತಡಕ್ಕೆ ಟರ್ಕಿ ಅಫೀಮು ಬರೋ ಗಸಗಸೆ ಬೆಳೆ ನಿಲ್ಲಿಸ್ತೀನಿ ಅಂತ 1971ರಲ್ಲೇ ಒಪ್ಪಿತ್ತು, ಮುಂದಿನ ಒಂದೆರಡು ವರ್ಷದಲ್ಲಿ ಮಾರ್ಸೇ ಸುತ್ತಮುತ್ತಲ ಲ್ಯಾಬ್‌ಗಳ ಮೇಲೆ ಸಾಲಾಗಿ ದಾಳಿ ಆಗಿತ್ತು. ಡಾಯ್ಲ್ ಮಾರ್ಸೇಗೆ ಬಂದಿಳಿಯೋ ಹೊತ್ತಿಗೆ ಪೇಪರ್ ಓದೋರಿಗೆ ಅದು ಹಳೇ ಸುದ್ದಿ.

ಎರಡನೇ ರಾತ್ರಿ. ಡಾಯ್ಲ್ ಅದೇ ಹಳೇ ಹ್ಯಾಟ್ ಹಾಕ್ಕೊಂಡು ಮಾರ್ಸೇಯಲ್ಲಿ ಇಳೀತಾನೆ, ಆವತ್ತು ಏಪ್ರಿಲ್ ಒಂದು. ಅಲ್ಲಿನ ಪೊಲೀಸರು ಯಾರೋ ಕೊಟ್ಟ ಮಾಹಿತಿ ನಂಬಿ ಮೀನಿನ ರಾಶಿ ಬಗೆದು ಡ್ರಗ್ಸ್ ಹುಡುಕ್ತಿರ್ತಾರೆ, ಅದು ಏಪ್ರಿಲ್ ಫೂಲ್ ತಮಾಷೆ. ಇನ್ಸ್‌ಪೆಕ್ಟರ್ ಬಾರ್ತೆಲೆಮಿ (ಬರ್ನಾರ್ ಫ್ರೆಸೋನ್) ಅವನ ಮುಖ ಕಂಡ್ರೇ ಉರ್ಕೊಳ್ತಾನೆ. ಭಾಷೆ ಬರಲ್ಲ, ಊರು ಗೊತ್ತಿಲ್ಲ, ಗನ್ ಹಿಡ್ಕೊಂಡು ತಿರುಗೋಂಗಿಲ್ಲ, ರೂಸೋ ಇಲ್ಲ. ಫ್ರೆಂಚ್ ಮಾತಿಗೆ ಬಹಳ ಕಡೆ ಸಬ್‌ಟೈಟಲ್ಲೂ ಹಾಕಿಲ್ಲ, ಡಾಯ್ಲ್‌ಗೆ ಎಷ್ಟು ಅರ್ಥ ಆಗುತ್ತೋ ನಮಗೂ ಅಷ್ಟೇ. ದೊಡ್ಡಪ್ಪ ಇದರಲ್ಲಿ ನನಗಿಂತ ಆರಾಮಾಗಿದ್ರು, ಅವರಿಗೆ ನಿನ್ನೆ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ ಇತ್ತಲ್ಲ. ಬಾರಲ್ಲಿ ಕೂತು ಡಾಯ್ಲ್ ವಿಸ್ಕಿ ಕೇಳೋಕೆ ಒದ್ದಾಡೋ ಸೀನು ಬಂದಾಗ "ಟ್ರಾನ್ಸ್‌ಫರ್ ಆದ ಹೊಸದ್ರಲ್ಲಿ ನಾನೂ ಬೀದರಲ್ಲಿ ಹಿಂಗೇ ಇದ್ದೆ" ಅಂತ ನಕ್ಕರು.

ಮೊದಲ ಮುಕ್ಕಾಲು ಗಂಟೆ ಹಿಂಗೇ, ಅರ್ಧ ತಮಾಷೆ ಅರ್ಧ ಜಗಳ. ನಡುವೆ ಒಂದು ದಾಳೀಲಿ ಓಡ್ತಿದ್ದವನೊಬ್ಬನನ್ನ ಡಾಯ್ಲ್ ಅಟ್ಟಿಸ್ಕೊಂಡು ಹೋಗಿ ಹಿಡೀತಾನೆ, ನೋಡಿದ್ರೆ ಅವನು ಫ್ರೆಂಚ್ ಪೊಲೀಸರದೇ ಮಫ್ತಿ ಮನುಷ್ಯ, ಗುಟ್ಟು ರಟ್ಟಾಗಿ ಅವನ ಜೀವ ಹೋಗುತ್ತೆ. ಥಿಯೇಟರಿಗೆ ಚೇಸ್ ನೋಡೋಕೆ ಬಂದವರಿಗೆ ಕಾರಿಲ್ಲ, ರೈಲಿಲ್ಲ, ನ್ಯೂಯಾರ್ಕ್ ಇಲ್ಲ, ದುಡ್ಡು ವಾಪಸ್ ಕೇಳಬೇಕು ಅನ್ಸಿದ್ರೆ ತಪ್ಪೇನಲ್ಲ. ಇವನನ್ನ ಇಲ್ಲಿಗೆ ಕಳಿಸಿದ್ದೇ ಗಾಳಕ್ಕೆ ಸಿಕ್ಕಿಸೋ ಎರೆಹುಳ ಥರ ಅಂತ ನಿಧಾನಕ್ಕೆ ಗೊತ್ತಾಗುತ್ತೆ. ಶಾರ್ನಿಯೇ ಕಣ್ಣಿಗೆ ಬೀಳ್ತಾನೆ, ಕಚ್ತಾನೆ ಕೂಡ.

ಇಲ್ಲಿಂದ ಒಂದು ಅರ್ಧ ಗಂಟೆ ಇದೆ ನೋಡಿ, ಆ ಅರ್ಧ ಗಂಟೆಗೋಸ್ಕರವೇ ನಾನು ಇದನ್ನೆಲ್ಲ ಬರೀತಿರೋದು.

ಶಾರ್ನಿಯೇ ಡಾಯ್ಲ್‌ನ ಕೊಲ್ಲಲ್ಲ. ಒಂದು ಹಳೇ ಲಾಡ್ಜಿನ ರೂಮಲ್ಲಿ ಕೂಡಿಹಾಕಿ ದಿನಾ ಹೆರಾಯಿನ್ ಚುಚ್ಚಿಸ್ತಾನೆ. ವಾರಗಟ್ಟಲೆ. ಮೊದಲು ನಾಲ್ಕು ಜನ ಹಿಡ್ಕೋಬೇಕಾಗುತ್ತೆ, ಆಮೇಲೆ ಅವನೇ ತೋಳು ಚಾಚ್ತಾನೆ. ಆ ಚಾಚೋದನ್ನ ಹ್ಯಾಕ್‌ಮನ್ ಹೆಂಗೆ ಮಾಡ್ತಾನೆ ಅಂದ್ರೆ, ಮಕ್ಕಳು ಔಷಧಿಗೆ ಕೈ ಕೊಡ್ತಾವಲ್ಲ ಹಂಗೆ. ಒಬ್ಬಳು ಇಂಗ್ಲಿಷ್ ಮಾತಾಡೋ ಮುದುಕಿ ಬರ್ತಾಳೆ, ಪಕ್ಕ ಕೂತು ನೀನು ನನ್ನ ಮಗನ ಥರ ಇದೀಯ ಅಂತ ಸವರ್ತಾ ಸವರ್ತಾ ಅವನ ಕೈಗಡಿಯಾರ ಬಿಚ್ಕೊಂಡು ಹೋಗ್ತಾಳೆ. ಅವನಿಗೆ ಅದೂ ತಿಳಿಯಲ್ಲ. ಜೀವನ ಪೂರ್ತಿ ನಶೆ ಮಾಡೋರನ್ನ ಗೋಡೆಗೆ ಒತ್ತಿ ಕಾಲಲ್ಲಿ ಒದ್ದ ಮನುಷ್ಯ.

ಅವನಿಂದ ತಿಳ್ಕೊಳ್ಳೋದು ಏನೂ ಇಲ್ಲ ಅಂತ ಖಾತ್ರಿ ಆದ ಮೇಲೆ ಪೊಲೀಸ್ ಕಚೇರಿ ಮುಂದೆ ಎಸೆದು ಹೋಗ್ತಾರೆ. ಬಾರ್ತೆಲೆಮಿ ಅವನನ್ನ ಆಸ್ಪತ್ರೇಲಿ ಇಟ್ರೆ ವಿಷಯ ಹೊರಗೆ ಬರುತ್ತೆ, ಡಾಯ್ಲ್‌ನ ಸರ್ವಿಸ್ ಮುಗೀತು ಅಂತ ಕೆಳಗಿನ ಸೆಲ್ಲಲ್ಲಿ ಗುಟ್ಟಾಗಿ ಇಡ್ತಾನೆ, ಔಷಧಿ ಕೊಡದೆ, ನಶೆ ತಾನಾಗಿ ಇಳೀಲಿ ಅಂತ. ಹ್ಯಾಕ್‌ಮನ್ ಇಲ್ಲಿ ಮಾಡಿರೋದಕ್ಕೆ ಮೊದಲ್ನೇದಕ್ಕೆ ಸಿಕ್ಕ ಆಸ್ಕರ್ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಕಿರಿಚ್ತಾನೆ, ಗೋಗರೀತಾನೆ, ವಾಂತಿ ಮಾಡ್ಕೊಳ್ತಾನೆ, ಬೈತಾನೆ, ಹೊಡೀತಾನೆ. ಸ್ವಲ್ಪ ಇಳಿದ ಮೇಲೆ ಒಂದು ರಾತ್ರಿ ಇಬ್ಬರೂ ಕೂತು ಕುಡೀತಿರ್ತಾರೆ, ಡಾಯ್ಲ್ ಬೇಸ್‌ಬಾಲ್ ಬಗ್ಗೆ ಶುರು ಮಾಡ್ತಾನೆ. ಹುಡುಗನಾಗಿದ್ದಾಗ ನ್ಯೂಯಾರ್ಕ್ ಯಾಂಕೀಸ್ ಟೀಮಿಗೆ ಸೇರೋಕೆ ಟ್ರಯಲ್‌ಗೆ ಹೋಗಿದ್ದು, ಅಲ್ಲಿ ಮಿಕ್ಕಿ ಮ್ಯಾಂಟ್ಲ್ ಅನ್ನೋ ಒಬ್ಬ ಹೊಸ ಹುಡುಗ (ಆಮೇಲೆ ಬೇಸ್‌ಬಾಲಿನ ದೊಡ್ಡ ಸ್ಟಾರ್ ಆದವನು) ಆಡೋದು ನೋಡಿ ಇದು ನನ್ನ ಕೈಲಿ ಆಗೋದಲ್ಲ ಅಂತ ಪೊಲೀಸ್ ಪರೀಕ್ಷೆಗೆ ಕೂತಿದ್ದು. ಬಾರ್ತೆಲೆಮಿಗೆ ಬೇಸ್‌ಬಾಲ್ ಗೊತ್ತಿಲ್ಲ, ಮ್ಯಾಂಟ್ಲ್ ಯಾರು ಅಂತ ಗೊತ್ತಿಲ್ಲ, ತಲೆ ಆಡಿಸ್ತಾನೆ. ಮ್ಯಾಂಟ್ಲ್ ಅಂದ್ರೆ ಯಾರು ಅಂತ ಗೊತ್ತಿಲ್ದವನ ಮುಂದೆ ನಿನ್ನ ಸೋಲು ಹೇಳ್ಕೊಳ್ಳೋದು ಹೆಂಗೆ? ಡಾಯ್ಲ್ ವಿವರಿಸೋಕೆ ಹೋಗ್ತಾನೆ, ಆಗಲ್ಲ, ನಗ್ತಾನೆ, ನಗು ಅಳು ಆಗುತ್ತೆ. ಒಂದು ಅಮೆರಿಕನ್ ಚಾಕಲೇಟ್ ಬೇಕು ಅಂತ ಚಿಕ್ಕ ಹುಡುಗನ ಥರ ಅಳ್ತಾನೆ.

ಮೊದಲ್ನೇ ಸಿನಿಮಾ ಡಾಯ್ಲ್‌ನ ಹೊರಗಿಂದಲೇ ನೋಡಿತ್ತು, ಪಿಜ್ಜಾ ತಿನ್ನೋವಾಗ ರಸ್ತೆಯಾಚೆಯಿಂದ ನೋಡಿದ ಹಂಗೆ. ಎರಡನೇದಕ್ಕೆ ಅದನ್ನೇ ಮತ್ತೆ ಮಾಡೋ ದಾರಿ ಇತ್ತು, ಮಾಡ್ಲಿಲ್ಲ. ಅವನ ಊರು, ಬ್ಯಾಡ್ಜು, ಜೊತೆಗಾರ, ಭಾಷೆ, ಕೊನೆಗೆ ಮೈಮೇಲಿನ ಹತೋಟಿ, ಒಂದೊಂದಾಗಿ ಕಿತ್ಕೊಂಡು ಒಳಗೆ ಏನು ಉಳೀತು ಅಂತ ತೋರಿಸ್ತು. ಉಳಿದಿದ್ದು ಬೇಸ್‌ಬಾಲಿಗೆ ಸೆಲೆಕ್ಟ್ ಆಗದ ಒಬ್ಬ ಹುಡುಗ ಮತ್ತೆ ಶಾರ್ನಿಯೇ ಮೇಲಿನ ಹಠ. ಆ ಹಠವೂ ಒಂದು ನಶೆನೇ ಅಂತ ಸಿನಿಮಾ ಬಾಯಿಬಿಟ್ಟು ಹೇಳಲ್ಲ, ಹೇಳೋ ಅಗತ್ಯನೂ ಇಲ್ಲ. ದೊಡ್ಡಪ್ಪ ಈ ಅರ್ಧ ಗಂಟೆ ಒಂದು ಮಾತಾಡ್ಲಿಲ್ಲ. ಒಳಗಿಂದ ಹೆಂಡತಿ "ಊಟಕ್ಕೆ ಬರ್ತೀರಾ ದೊಡ್ಡಮಾವ" ಅಂತ ಕರೆದಿದ್ದಕ್ಕೆ ಕೈ ಅಡ್ಡ ಹಿಡಿದ್ರು ಅಷ್ಟೇ.

ಹಾಗಿದ್ರೆ ಬಿದ್ದಿದ್ದು ಎಲ್ಲಿ? ಡಾಯ್ಲ್ ಎದ್ದು ನಿಂತ ಮೇಲೆ. ಹೊರಗೆ ಬಂದವನೇ ತನ್ನನ್ನ ಇಟ್ಟಿದ್ದ ಲಾಡ್ಜು ಹುಡುಕಿ ಪೆಟ್ರೋಲ್ ಸುರಿದು ಬೆಂಕಿ ಇಡ್ತಾನೆ. ಇಷ್ಟು ಹೊತ್ತು ಮನುಷ್ಯನಾಗಿದ್ದವನು ಮತ್ತೆ ಪೋಸ್ಟರಿನ ಹೀರೋ ಆದ. ಆಮೇಲೆ ಹಡಗು ರಿಪೇರಿ ಮಾಡೋ ಕಟ್ಟೆಯಲ್ಲಿ ಗುಂಡಿನ ಕಾಳಗ, ಗೇಟು ತೆಗೆದು ಸಮುದ್ರದ ನೀರು ನುಗ್ಗಿ ಡಾಯ್ಲ್, ಬಾರ್ತೆಲೆಮಿ ಇಬ್ಬರೂ ಕೊಚ್ಚಿ ಹೋಗೋ ಹಂಗಾಗೋದು, ದುಡ್ಡು ಚೆನ್ನಾಗಿ ಖರ್ಚಾಗಿದೆ, ಮೈ ಜುಮ್ ಅನ್ನಲ್ಲ. ಸ್ಟುಡಿಯೋಗೆ ಚೇಸ್ ಬೇಕು, ಫ್ರಾಂಕನ್‌ಹೈಮರ್‌ಗೆ ಸೆಲ್ಲಿನ ಸೀನು ಬೇಕು, ಎರಡೂ ಒಂದೇ ಸಿನಿಮಾದಲ್ಲಿ ತುರುಕಿದ್ದಾರೆ ಅನ್ಸುತ್ತೆ ನೋಡಿದ್ರೆ. ಮೊದಲ ಮುಕ್ಕಾಲು ಗಂಟೆ ಕುಯ್ದು ಕಾಲು ಗಂಟೆ ಮಾಡಿ, ಬೆಂಕಿ ನೀರು ಎರಡನ್ನೂ ತೆಗೆದಿದ್ರೆ ಇದರ ಹೆಸರು ಇವತ್ತು ಬೇರೇನೇ ಇರ್ತಿತ್ತು.

ಆದ್ರೂ ನನಗೆ ನಿಜವಾಗಿ ಕೋಪ ಬರೋದು ಕೊನೇ ಶಾಟಿಗೆ. ಶಾರ್ನಿಯೇ ತಪ್ಪಿಸ್ಕೊಂಡು ಟ್ರಾಲಿ ಬಸ್ ಹತ್ತಿ, ಅಲ್ಲಿಂದ ದೋಣಿಗೆ ಹೋಗ್ತಾನೆ, ಡಾಯ್ಲ್ ಮಾರ್ಸೇ ಬಂದರಿನ ಉದ್ದಕ್ಕೂ ಓಡ್ತಾನೆ. ಕಾರಿಲ್ಲ, ಕಾಲೇ. ನಶೆ ಇಳಿದು ಇನ್ನೂ ಸುಧಾರಿಸ್ಕೊಳ್ಳದ ಮೈ, ಉಸಿರು ಸಿಗ್ತಿಲ್ಲ, ಕುಂಟ್ತಿದಾನೆ, ನಿಲ್ಲಲ್ಲ. ಈ ಓಟ ಆ ಹಳೇ ಕಾರ್ ಚೇಸಿಗೆ ಕೊಟ್ಟ ಒಳ್ಳೆ ಉತ್ತರ, ಯಾರೂ ಹೊಗಳಲ್ಲ ಅಷ್ಟೇ. ಕಟ್ಟೆಯ ತುದಿಗೆ ಬರ್ತಾನೆ, ದೋಣಿ ದಾಟ್ತಿರುತ್ತೆ, ಶಾರ್ನಿಯೇ ಡೆಕ್ ಮೇಲೆ ನಿಂತಿರ್ತಾನೆ. ಡಾಯ್ಲ್ ಗನ್ ತೆಗೆದು ಹೆಸರು ಹಿಡಿದು ಕರೀತಾನೆ, ಅವನು ತಿರುಗ್ತಾನೆ, ಎರಡು ಗುಂಡು, ಪರದೆ ಕತ್ತಲು. ತಟ್ಟನೆ ಮುಗಿಸಿರೋದೇನೋ ಚೆನ್ನಾಗಿದೆ. ಆದ್ರೆ ಮೊದಲ್ನೇದು ನಾಲ್ಕು ವರ್ಷ ನಮ್ಮ ತಲೇಲಿ ತುರಿಸ್ತಿದ್ದಿದ್ದು ಆ ಒಂದು ಗುಂಡು ಯಾರಿಗೆ ಅಂತ ಗೊತ್ತಾಗದೆ, ಇವರು ಬಂದು ಕೆರೆದುಬಿಟ್ರು. ಕೆರೆದ ಮೇಲೆ ತುರಿಕೆ ಎಲ್ಲಿರುತ್ತೆ? ಅಸಲಿ ಮುದುಕ ಸಿಗದೇ ಹೋಗಿದ್ದು ಪೊಲೀಸರ ಸಂಕಟ, ಅದನ್ನ ಸಿನಿಮಾದಲ್ಲಿ ಎರಡು ಗುಂಡಿಗೆ ತೀರಿಸಿಬಿಟ್ಟಿದ್ದು ನನಗೆ ಈಗಲೂ ಜೀರ್ಣ ಆಗಿಲ್ಲ.

ದೊಡ್ಡಪ್ಪಂಗೆ ಅದೇನೂ ತೊಂದ್ರೆ ಅನ್ಸಿದ ಹಂಗಿರ್ಲಿಲ್ಲ. "ಹೊಡೆದ್ನಾ? ಹ್ಞೂಂ" ಅಂದು ಎದ್ದು ಊಟಕ್ಕೆ ಹೋದ್ರು. ನಾನು ಊಟದ ಹೊತ್ತಲ್ಲಿ ಇದನ್ನೆಲ್ಲ, ತುರಿಕೆ ಕೆರೆತ ಎಲ್ಲ, ಉತ್ಸಾಹದಲ್ಲಿ ವಿವರಿಸ್ತಾ ಇದ್ದೆ, ಅವರು ಸಾರಿಗೆ ಅನ್ನ ಕಲಸ್ತಾ ಬೇರೇನೋ ಯೋಚಿಸ್ತಿದ್ರು.

"ಅಲ್ಲ ಕಣೋ," ಅಂದ್ರು ಕೊನೆಗೆ, "ಆ ಫ್ರೆಂಚ್ ಇನ್ಸ್‌ಪೆಕ್ಟರ್ ಇವನನ್ನ ಅಷ್ಟು ದಿನ ಸೆಲ್ಲಲ್ಲಿ ಇಟ್ಟಿದ್ನಲ್ಲ, ಸ್ಟೇಷನ್ ಡೈರೀಲಿ ಎಂಟ್ರಿ ಇಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲ. ಆಮೇಲೆ ಇವನು ಹೋಗಿ ಲಾಡ್ಜಿಗೆ ಬೆಂಕಿ ಬೇರೆ ಇಟ್ಟ."

"ಹೌದು ದೊಡ್ಡಪ್ಪ."

"ಪಾಪ, ಅವನ ಮೇಲೆ ಡಿಪಾರ್ಟ್‌ಮೆಂಟ್ ಎನ್‌ಕ್ವೈರಿ ಆಗಿರುತ್ತೆ. ಅದನ್ನ ತೋರಿಸ್ತಾರಾ ಮೂರನೇದ್ರಲ್ಲಿ?"

ಮೂರನೇದು ಇಲ್ಲ ದೊಡ್ಡಪ್ಪ, 1986ರಲ್ಲಿ ಟೀವಿಗೆ ಅಂತ ಡಾಯ್ಲ್ ಹೆಸರಲ್ಲಿ ಒಂದು ಮಾಡಿದ್ರು, ಅದರಲ್ಲಿ ಹ್ಯಾಕ್‌ಮನ್ ಇಲ್ಲ ಅಂದೆ. ಹಂಗಾದ್ರೆ ಬೇಡ ಅಂತ ಮಜ್ಜಿಗೆಗೆ ಕೈ ಚಾಚಿದ್ರು.